ಬಾಗಿಲ ಮರೆಯ ಕೈ

ಕೆಂಗಣ್ಣು ಜ್ವರ ಬಾಗಲಗುಂಟೆಗೆ ಬಂದಿದೆಯಂತೆ ಎಂದಾಗ ಬೈರನಕುಂಟೆಯ ಜನ, ಎಲ್ಲಿಯ ಬಾಗಲಗುಂಟೆ, ಎಲ್ಲಿಯ ನಾವು ಎಂದು ಕಾಲು ಚಾಚಿ ಕೂತರು. ಹನ್ನೊಂದನೇ ದಿನಕ್ಕೆ ಅದು ಪಕ್ಕದ ಹಳ್ಳಿ ಸಿಂಗಾಪುರದಲ್ಲಿತ್ತು. ಸಿಂಗಾಪುರವೇನು ಸೀಮೆಯಾಚೆ ಇದೆಯೇ? ಅಲ್ಲಿ ಕೋಳಿ ಕೂಗಿದರೆ ಇಲ್ಲಿಯವರು ಎದ್ದು ಅಂಗಳ ಗುಡಿಸುತ್ತಾರೆ. ಮೊದಲು ಮೈ ಸುಡುವುದು, ಮೂರನೆಯ ದಿನಕ್ಕೆ ಕಣ್ಣು ಕೆಂಡವಾಗುವುದು, ಐದನೆಯ ದಿನಕ್ಕೆ ಮೂಗಿನಲ್ಲಿ ರಕ್ತ. ಅಲ್ಲಿಂದ ಮುಂದೆ ಉಳಿದುಕೊಂಡವರು ಕಡಿಮೆ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಇವತ್ತಲ್ಲ ನಾಳೆ ಇಲ್ಲಿಗೂ ಬರುವುದೇ ಎಂದು ಎಲ್ಲರಿಗೂ ಖಾತ್ರಿಯಾಯಿತು. ಹೊಲಕ್ಕೆ ಹೋದವರು ಹೊತ್ತಿಗೆ ಮುಂಚೆ ಬಂದು ಬಾಗಿಲು ಹಾಕಿಕೊಳ್ಳತೊಡಗಿದರು. ನೆಂಟರು ಬಂದರೆ ಜಗಲಿಯಲ್ಲೇ ನೀರು ಕೊಟ್ಟು ಕಳಿಸುತ್ತಿದ್ದರು. ಅದು ಅರವತ್ಮೂರನೇ ಇಸವಿಯ ಫಾಲ್ಗುಣ ಮಾಸ.

ಪಟೇಲ ದೊಡ್ಡಮುನಿಯಪ್ಪನೊಬ್ಬ ಮಾತ್ರ ಮೀಸೆ ತಿರುವಿಕೊಂಡು ಓಡಾಡುತ್ತಿದ್ದ. ಅವನಿಗೆ ಸ್ಕೀಮಿನ ಮೇಲೆ ನಂಬಿಕೆ. ನಂಬಿಕೆ ಏನು ಬಂತು, ಆ ಸ್ಕೀಮನ್ನು ಊರೊಳಗೆ ಬಿಟ್ಟುಕೊಂಡವನೇ ಅವನು.

ಹಿಂದಿನ ವರ್ಷ ಶ್ರಾವಣದಲ್ಲಿ ಹೆಬ್ಬಾಳದ ಕಡೆಯಿಂದ ಒಂದು ಜೀಪು ಬಂದಿತ್ತು. ಅದರಲ್ಲಿ ಡಾಕ್ಟರ್ ನೂರುಲ್ಲಾ ಎಂಬುವರು, ಜೊತೆಗೆ ಒಬ್ಬ ಬಿಳಿಯ ದೊರೆ. ನಮ್ಮ ಸರ್ಕಾರದವರೂ ಹೊರದೇಶದ ವಿಜ್ಞಾನಿಗಳೂ ಕೈ ಸೇರಿಸಿ ನಡೆಸುತ್ತಿರುವ ಸ್ಕೀಮು ಇದು, ದನದ ಮೈಯ ಉಣ್ಣೆ ಹುಳದಿಂದ ಮನುಷ್ಯರಿಗೆ ಹತ್ತಿ, ಆಮೇಲೆ ಮನುಷ್ಯರಿಂದ ಮನುಷ್ಯರಿಗೂ ದಾಟುವ ಒಂದು ಜ್ವರವಿದೆ, ಅದು ಎಲ್ಲೆಲ್ಲಿ ಅಡಗಿದೆ ಎಂದು ಏಳುವ ಮೊದಲೇ ತಿಳಿದುಕೊಂಡರೆ ತಡೆಯಬಹುದು, ಅದಕ್ಕೆ ಮನೆಗೊಬ್ಬರಂತೆ ಕೊಟ್ಟಿಗೆ ನೋಡಿಕೊಳ್ಳುವ ಹೆಂಗಸಿನ ರಕ್ತ ಬೇಕು ಎಂದು ಡಾಕ್ಟರು ವಿವರಿಸಿದರು. ಒಬ್ಬೊಬ್ಬರಿಂದ ಒಂದು ಕೊಳವೆ. ಅದರಲ್ಲಿ ಅರ್ಧ ಇಲ್ಲೇ ಪರೀಕ್ಷೆಯಾಗುತ್ತದೆ, ಅರ್ಧ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಕೂತು ವಿಮಾನ ಹತ್ತುತ್ತದೆ.

ರಕ್ತ ಎಂದ ಕೂಡಲೇ ಊರಿಗೆ ಊರೇ ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು. ಆಗ ದೊಡ್ಡಮುನಿಯಪ್ಪ ಎದ್ದು, “ಮೊದ್ಲು ನಮ್ಮನೆಯಿಂದ್ಲೇ ಆಗ್ಲಿ ಸ್ವಾಮಿ. ನಮ್ ಸೊಸೆ ಗೌರಮ್ಮ ಕೊಡ್ತಾಳೆ” ಎಂದುಬಿಟ್ಟ. ದೊರೆ ಅವನ ಕೈ ಕುಲುಕಿದ. ಕೈ ಕುಲುಕಿಸಿಕೊಂಡ ಗಂಡಸಿಗೆ ಆಮೇಲೆ ಮನೆಯವರ ಮಾತು ಕಿವಿಗೆ ಬೀಳುತ್ತದೆಯೇ?

“ಥೂ, ನಿಮ್ಗೇನಾರ ಬುದ್ಧಿ ಗಿದ್ಧಿ ಐತಾ?” ಎಂದು ಹೆಂಡತಿ ಲಕ್ಷ್ಮಿದೇವಮ್ಮ ಅಡುಗೆಮನೆಯಿಂದಲೇ ಹರಿಹಾಯ್ದಳು. “ಐದ್ ತಿಂಗಳ ಬಸ್ರಿ ಮೈಯಿಂದ ರಕ್ತ ತೆಗೀತಾರಾ? ಎರಡ್ ಸಲ ಕಳ್ಕೊಂಡು ಮೂರ್ನೇದು ನಿಂತೈತೆ.”

“ಮಾತ್ ಕೊಟ್ ಆಗೋಯ್ತು ಕಣೆ. ಈಗ ಇಲ್ಲ ಅಂದ್ರೆ ನಾಳೆ ಯಾರ್ ಮುಂದೆ ತಲೆ ಎತ್ಲಿ?”

ಗೌರಮ್ಮ ತಾಯಿಯಿಲ್ಲದ ಹುಡುಗಿ, ಗಂಡ ಮಿಲಿಟರಿಯಲ್ಲಿದ್ದ. ತವರೆಂದರೆ ಚಿಕ್ಕಮ್ಮನ ಬೈಗುಳ, ಅಷ್ಟೇ. ಲಕ್ಷ್ಮಿದೇವಮ್ಮ ಅವಳನ್ನು ಸೊಸೆಯೆಂದು ತಂದುಕೊಂಡು ಮಗಳಾಗಿ ಮಾಡಿಕೊಂಡಿದ್ದಳು. ಬಾಯಿ ಜೋರು, ನಿಜ. ಆದರೆ ಎರಡನೆಯ ಸಲ ಬಸಿರು ಇಳಿದಾಗ ಆ ಹುಡುಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮೂರು ದಿನ ಎದ್ದಿರಲಿಲ್ಲ. ಅಂಥವಳು ಈಗ ಸುಮ್ಮನೆ ಸೂಜಿಗೆ ಕೈ ಒಡ್ಡಿಸುತ್ತಾಳೆಯೇ? ಗಂಡನ ಮಾತೂ ಉಳಿಯಬೇಕು, ಸೊಸೆಯ ರಕ್ತವೂ ಉಳಿಯಬೇಕು. ಕೂತು ಯೋಚಿಸಿದಳು. ಮರುದಿನ ಡಾಕ್ಟರಿಗೆ ಹೇಳಿಕಳಿಸಿದಳು: ನಮ್ಮ ಮನೆಯ ಹೆಣ್ಣುಮಕ್ಕಳು ಪರಪುರುಷರ ಮುಂದೆ ಪಡಸಾಲೆಗೆ ಬರುವ ಪದ್ಧತಿಯಿಲ್ಲ, ನಡುಮನೆಯ ಬಾಗಿಲ ಮರೆಯಲ್ಲಿ ನಿಂತು ಕೈ ಮಾತ್ರ ಆಚೆ ನೀಡುತ್ತಾರೆ.

ಬೈರನಕುಂಟೆಯಲ್ಲಿ ಅಂಥ ಪದ್ಧತಿ ಎಂದಾದರೂ ಇತ್ತೇ? ಮಂಡಿಯವರೆಗೆ ಸೀರೆ ಎತ್ತಿಕಟ್ಟಿ ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸರಿಗೆ ಯಾವ ಮರೆ, ಯಾವ ಪಡಸಾಲೆ? ಆದರೆ ಹೊರಗಿನಿಂದ ಬಂದವರಿಗೆ ಏನು ಹೇಳಿದರೂ ಅದು ಪದ್ಧತಿಯೇ. ಡಾಕ್ಟರು ಒಪ್ಪಿದರು. ದೊರೆಯಂತೂ ಬಹಳ ಆಸಕ್ತಿಯಿಂದ ಅದನ್ನು ಪುಸ್ತಕದಲ್ಲಿ ಬರೆದುಕೊಂಡ.

ಆ ಬೆಳಿಗ್ಗೆ ಲಕ್ಷ್ಮಿದೇವಮ್ಮ ಹಿತ್ತಿಲ ಬಾಗಿಲಿನಿಂದ ಮರಿಯಮ್ಮನನ್ನು ಒಳಕ್ಕೆ ಕರೆದಳು. ಮರಿಯಮ್ಮ ಊರಾಚೆಯ ಕೇರಿಯವಳು, ಎರಡು ಮಕ್ಕಳ ತಾಯಿ, ಗಂಡ ಸತ್ತು ವರ್ಷಗಳಾಗಿದ್ದವು. ದೊಡ್ಡ ಮನೆಗಳ ಕೊಟ್ಟಿಗೆಯಲ್ಲಿ ಸಗಣಿ ಬಾಚಿ ಬದುಕುತ್ತಿದ್ದಳು. ಕೊಟ್ಟಿಗೆಯಿಂದ ಒಂದು ಹೆಜ್ಜೆ ಈಚೆಗೆ ಅವಳು ಯಾವ ಮನೆಯಲ್ಲೂ ಕಾಲಿಟ್ಟವಳಲ್ಲ, ಇಡಲು ಬಿಟ್ಟವರೂ ಇಲ್ಲ. ಅಂಥವಳನ್ನು ದೇವರ ಗೂಡಿನ ಪಕ್ಕದಲ್ಲೇ ನಿಲ್ಲಿಸಿ, ಗೌರಮ್ಮನ ಹಸಿರು ಬಳೆ ತೊಡಿಸಿ, ಬಾಗಿಲ ಸಂದಿಯಿಂದ ಕೈ ನೀಡಿಸಿದ್ದಾಯಿತು. ಕೊಳವೆ ತುಂಬಿತು. ಅದರ ಮೇಲೆ ‘ಗೌರಮ್ಮ, ವಯಸ್ಸು ಇಪ್ಪತ್ತು’ ಎಂದು ಚೀಟಿ ಅಂಟಿತು.

“ನಿನ್ ಮಕ್ಳಾಣೆ ಮರಿಯಮ್ಮ, ಈ ಮಾತು ನಿನ್ ನೆರಳಿಗೂ ಗೊತ್ತಾಗ್ಬಾರ್ದು” ಎಂದು ಲಕ್ಷ್ಮಿದೇವಮ್ಮ ಅವಳ ಸೆರಗಿಗೆ ಎರಡು ಸೇರು ರಾಗಿ ಸುರಿದಳು. ಅವಳು ಹೋದ ಮೇಲೆ ನಡುಮನೆ ತೊಳೆದು ಗಂಜಲ ಚಿಮುಕಿಸಿದಳು. ಎಲ್ಲ ಸುಸೂತ್ರವಾಯಿತು. ಮಾರ್ಗಶಿರದಲ್ಲಿ ಗೌರಮ್ಮ ಗಂಡುಮಗು ಹೆತ್ತಳು. ಅತ್ತೆಯೇ ಬಾಣಂತನ ಮಾಡಿದಳು.

ಇಷ್ಟೇ ಆಗಿದ್ದರೆ ಕತೆ ಹೇಳುವ ಕೆಲಸವೇ ಇರಲಿಲ್ಲ.

ಜ್ವರ ಸಿಂಗಾಪುರಕ್ಕೆ ಬಂದ ವಾರದ ಸೋಮವಾರ ಡಾಕ್ಟರ್ ನೂರುಲ್ಲಾ ಒಬ್ಬರೇ ಬಂದು ಪಟೇಲನ ಪಡಸಾಲೆಯಲ್ಲಿ ಕೂತರು. ನಿದ್ದೆಗೆಟ್ಟ ಮುಖ. ಆದರೂ ನಕ್ಕರು.

“ಪಟೇಲ್ರೆ, ಒಳ್ಳೆ ಸುದ್ದಿ ತಂದಿದೀನಿ. ನಿಮ್ಮೂರಿನ ನಲವತ್ತು ಕೊಳವೆಯಲ್ಲಿ ಹತ್ತರಲ್ಲಿ ಕಾವಲು ಸಿಕ್ಕಿದೆ.”

“ಕಾವಲು ಅಂದ್ರೆ?”

“ಈ ಜ್ವರ ಹಿಂದೆ ಯಾವಾಗಲೋ ಅವರಿಗೆ ಬಂದು ಹೋಗಿದೆ ಅಂತ. ಸಣ್ಣದಾಗಿ ಬಂದಿರಬಹುದು, ಅವರಿಗೇ ಗೊತ್ತಾಗಿರಲ್ಲ. ಒಂದ್ಸಲ ಬಂದು ಹೋದ್ರೆ ಮತ್ತೆ ಬರಲ್ಲ, ರಕ್ತದಲ್ಲೇ ಕಾವಲುಗಾರ ಕೂತಿರ್ತಾನೆ. ನಾವೂ ನೋಡಿದ್ವಿ, ಅವರ ದೇಶದಲ್ಲೂ ನೋಡಿದ್ರು. ಎರಡು ಕಡೆಯೂ ಒಂದೇ ಉತ್ತರ, ಅನುಮಾನಕ್ಕೆ ಜಾಗವೇ ಇಲ್ಲ.”

ಆಮೇಲೆ ಹತ್ತು ಹೆಸರು ಓದಿದರು. ಮೊದಲನೆಯ ಹೆಸರೇ ಗೌರಮ್ಮ. ದೊಡ್ಡಮುನಿಯಪ್ಪನ ಎದೆ ಒಂದು ಗೇಣು ಉಬ್ಬಿತು. “ನಮ್ಮನೆ ರಕ್ತ ಅಂದ್ರೆ ಸುಮ್ನೇನಾ!” ಎಂದ.

ಹೊರದೇಶದಿಂದ ಲಸಿಕೆ ಬಂದಿದೆ, ಬಹಳ ಕಡಿಮೆ ಬಂದಿದೆ, ಇನ್ನೊಂದು ಕಂತು ಬರಲು ಎರಡು ತಿಂಗಳು ಬೇಕು ಎಂದು ಡಾಕ್ಟರು ಮುಂದುವರಿಸಿದರು. ಆದ್ದರಿಂದ ಮನೆಗೊಂದು ಸೂಜಿ, ಕೊಟ್ಟಿಗೆ ನೋಡುವ ಹೆಂಗಸಿಗೆ. ಕಾವಲಿರುವ ಹತ್ತು ಜನರಿಗೆ ಬೇಡ. ಗುರುವಾರ ಮೂವತ್ತು ಸೂಜಿ ಬರುತ್ತದೆ. ಉಳಿದದ್ದು ಯಲಹಂಕದ ಆಚೆಯ ಹಳ್ಳಿಗಳಿಗೆ.

ಬಾಗಿಲ ಹಿಂದೆ ಲಕ್ಷ್ಮಿದೇವಮ್ಮ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಈಚೆ ಬಂದು, “ಸ್ವಾಮಿ, ಕೂಸುಗಳಿಗೆ?” ಎಂದು ಕೇಳಿದಳು. ಪಡಸಾಲೆಗೆ ಬಾರದ ಪದ್ಧತಿ ಆ ಗಳಿಗೆಯಲ್ಲಿ ಅವಳಿಗೂ ನೆನಪಾಗಲಿಲ್ಲ, ಡಾಕ್ಟರಿಗೂ ನೆನಪಾಗಲಿಲ್ಲ.

“ಹನ್ನೆರಡು ತುಂಬದವರಿಗೆ ಈ ಸೂಜಿ ಹಾಕೋ ಹಾಗಿಲ್ಲಮ್ಮ. ತಾಯಿಗೆ ಕಾವಲಿದ್ರೆ ಹಾಲಲ್ಲಿ ಮಗೂಗೂ ಹೋಗುತ್ತೆ. ನಿಮ್ಮನೆಯಲ್ಲಿ ಚಿಂತೆಯೇ ಇಲ್ಲ.”

ಚಿಂತೆಯೇ ಇಲ್ಲವಂತೆ! ಲಕ್ಷ್ಮಿದೇವಮ್ಮನ ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಆಗಲೇ ಹೇಳಿಬಿಡಬೇಕಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಗಂಡ ಉಬ್ಬಿದ ಎದೆಯಲ್ಲೇ ಕೂತಿದ್ದ. ಆ ರಕ್ತ ಸಗಣಿ ಬಾಚುವ ಮರಿಯಮ್ಮನದು, ಅವಳನ್ನು ದೇವರ ಗೂಡಿನ ಹತ್ತಿರ ನಿಲ್ಲಿಸಿದ್ದೆ, ನಿಮ್ಮ ಸೊಸೆಯ ಬಳೆ ತೊಡಿಸಿದ್ದೆ ಎಂದು ಹೇಗೆ ಹೇಳುವುದು? ಹೇಳಲಿಲ್ಲ. ಡಾಕ್ಟರು ಮಜ್ಜಿಗೆ ಕುಡಿದು ಎದ್ದು ಹೋದರು.

“ಅತ್ತೆಮ್ಮ, ಅದು ನನ್ ರಕ್ತ ಅಲ್ವಲ್ಲ?” ಎಂದು ಗೌರಮ್ಮ ಮಗುವಿಗೆ ಹಾಲೂಡುತ್ತ ಮೆಲ್ಲಗೆ ಕೇಳಿದಳು.

“ನೀನ್ ಸುಮ್ನಿರವ್ವ. ನಾನಿಲ್ವಾ? ನಿಂಗೆ ಸೂಜಿ ಆಕಿಸೋ ಜವಾಬ್ದಾರಿ ನಂದು.”

ಜವಾಬ್ದಾರಿ ಹೊತ್ತವಳು ಮೊದಲು ಗಂಡನ ಹತ್ತಿರ ಹೋದಳು. “ಅಲ್ಲಾ, ನಮ್ ಗೌರಮ್ಮಂಗೂ ಒಂದ್ ಸೂಜಿ ಆಕ್ಸಿಬಿಡಿ ಅಂದ್ರೆ? ಎಚ್ಚಾದ್ರೆ ಏನ್ ತಪ್ಪು?” ಎಂದಳು.

“ಇಲ್ಲದೋರ್ ಬಾಯಿಂದ ಕಿತ್ಕೊಂಡು ಇರೋಳಿಗೆ ಆಕ್ಸು ಅಂತೀಯಾ? ಪಟೇಲ್ರ ಮನೆಯೋರು ಆಸೆಬುರುಕರು ಅಂತ ಊರ್ ತುಂಬ ಏಳ್ಕೊಂಡ್ ನಗ್ಲಿ ಅಂತಾನಾ?” ಎಂದು ಅವನು ಸಿಡಿದ. ಅವನ ಮಾತಿನಲ್ಲಿ ನ್ಯಾಯವಿತ್ತು, ಅದೇ ತೊಂದರೆ.

ಮಂಗಳವಾರ ಎದುರುಮನೆಯ ಸುಬ್ಬಮ್ಮನ ಹತ್ತಿರ ಹೋದಳು. ಸುಬ್ಬಮ್ಮನ ಸೊಸೆಯ ಹೆಸರೂ ಆ ಹತ್ತರಲ್ಲಿತ್ತು. ಇಬ್ಬರೂ ಜಗಲಿಯಲ್ಲಿ ಕೂತು ಅವರೆಕಾಳು ಹಿದುಕತೊಡಗಿದರು.

“ನಿಮ್ ಸೊಸೆಗೂ ಕಾವಲೈತಂತೆ. ಪುಣ್ಯ ಮಾಡಿದ್ರಿ” ಎಂದಳು ಲಕ್ಷ್ಮಿದೇವಮ್ಮ.

“ಊ, ನಿಮ್ ಸೊಸೆಗೂ ಐತಂತಲ್ಲ.”

“ಅಲ್ಲ ಸುಬ್ಬಮ್ಮ, ಈ ಡಾಕ್ಟ್ರು ಏಳೋದು ನೂರಕ್ಕೆ ನೂರು ನಿಜಾನೇ ಇರ್ತದಾ?”

“ನಿಜ ಇಲ್ದೆ ಏನು? ಇಮಾನದಲ್ಲಿ ಕಳ್ಸಿ ನೋಡವ್ರೆ” ಎಂದಳು ಸುಬ್ಬಮ್ಮ. ಅವಳ ಕೈಯ ಕಾಳು ಜಾರಿ ನೆಲಕ್ಕೆ ಬಿತ್ತು. “ಆದ್ರೂ... ಇದ್ರೂ ಒಂದ್ ಸೂಜಿ ಆಕುಸ್ಕೊಂಡ್ರೆ ಒಳ್ಳ್ಯೇದಲ್ವಾ?”

“ನಾನೂ ಅದೇ ಅನ್ಕೊಂಡೆ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇನ್ನೊಂದೇ ಮಾತು ಮುಂದೆ ಹೋಗಿದ್ದರೆ ಆ ಜಗಲಿಯಲ್ಲೇ ಗುಟ್ಟು ಬಿಚ್ಚುತ್ತಿತ್ತು. ಆದರೆ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವಾಗ ಪಕ್ಕದಲ್ಲಿ ಇನ್ನೊಂದು ಬೆಕ್ಕು ಕುಡಿಯುತ್ತಿದ್ದರೆ ಅದಕ್ಕೆ ಕಾಣುತ್ತದೆಯೇ? ಬೋಗುಣಿ ತುಂಬ ಕಾಳು ಹಿದುಕಿ ಇಬ್ಬರೂ ಎದ್ದರು. ಆ ಸಂಜೆ ಸಿಂಗಾಪುರದಿಂದ ಮೂರು ಹೆಣ ಸಾಲಾಗಿ ಹೋದವೆಂದು ಹಾಲಿನವನು ಹೇಳಿದ. ಹೊರುವವರೇ ಸಿಗದೆ ಎತ್ತಿನ ಗಾಡಿಯಲ್ಲಿ ಹೇರಿದರಂತೆ.

ಗುರುವಾರ ಬಂತು. ಅರಳೀಕಟ್ಟೆಯ ಮೇಲೆ ಮೇಜು, ಮೇಜಿನ ಮೇಲೆ ತಗಡಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಮಂಜುಗಡ್ಡೆಯಲ್ಲಿ ಹುಗಿದ ಪುಟ್ಟ ಸೀಸೆಗಳು. ಡಾಕ್ಟರು ಒಬ್ಬೊಬ್ಬರ ಹೆಸರು ಕರೆದು ಸೂಜಿ ಹಾಕುತ್ತಿದ್ದರು. ದೊರೆ ಪಟ್ಟಿಯಲ್ಲಿ ಗುರುತು ಮಾಡುತ್ತಿದ್ದ. ಕಾವಲಿರುವ ಹತ್ತು ಮನೆಯವರು ಬರಬೇಕಾಗಿರಲಿಲ್ಲ.

ಲಕ್ಷ್ಮಿದೇವಮ್ಮ ಮೊಮ್ಮಗನನ್ನು ಹೆಗಲ ಮೇಲೆ ಹಾಕಿಕೊಂಡು, ಸೊಸೆಯನ್ನು ಹಿಂದಿಟ್ಟುಕೊಂಡು ಬಂದು ಕಟ್ಟೆಯ ಬದಿಯಲ್ಲಿ ನಿಂತಳು. ಅವಳದೊಂದು ಲೆಕ್ಕಾಚಾರವಿತ್ತು. ಎಂಥ ಮದುವೆಯಲ್ಲಾದರೂ ತಳದಲ್ಲಿ ಒಂದು ಸೌಟು ಪಾಯಸ ಉಳಿದೇ ಉಳಿಯುತ್ತದೆ. ಇಲ್ಲೂ ಒಂದು ಉಳಿಯಬೇಕು. ಎಲ್ಲ ಮುಗಿದು ಜನ ಚದುರಿದ ಮೇಲೆ ಡಾಕ್ಟರ ಕಿವಿಯಲ್ಲಿ ಹೇಳಿ ಹಾಕಿಸಿಕೊಂಡರಾಯಿತು. ಯಾರಿಗೂ ಗೊತ್ತಾಗುವುದಿಲ್ಲ, ಗಂಡನ ಎದೆಯೂ ಇಳಿಯುವುದಿಲ್ಲ.

ಸುಮ್ಮನೆ ಕಣ್ಣಾಡಿಸಿದಳು. ಸುಬ್ಬಮ್ಮ ಸೊಸೆಯೊಂದಿಗೆ ಬಂದಿದ್ದಳು. ಇವಳ್ಯಾಕೆ ಬಂದಳು? ಶಾನುಭೋಗರ ಮನೆಯವರು ನಿಂತಿದ್ದರು. ಚಿಕ್ಕಬೈರಪ್ಪನ ಹೆಂಡತಿ ಬೇಲಿಯ ಹತ್ತಿರ ಸೆರಗು ಕಚ್ಚಿಕೊಂಡಿದ್ದಳು. ಇವರಿಗೆಲ್ಲ ಕಾವಲಿದೆಯಲ್ಲ, ಬಿಸಿಲಲ್ಲಿ ಏನು ಕೆಲಸ? ಬಂದವರೆಲ್ಲ ಪೆಟ್ಟಿಗೆಯ ಕಡೆಗೇ ನೋಡುತ್ತಿದ್ದರು.

ಇಪ್ಪತ್ತೊಂಬತ್ತು ಆದವು. ಮೂವತ್ತನೆಯ ಹೆಸರು ಮುನಿಕೃಷ್ಣಮ್ಮ. ಯಾರೂ ಬರಲಿಲ್ಲ. ಅವಳು ಹೆದರಿ ಮತ್ತಿಕೆರೆಯ ತಂಗಿಯ ಮನೆಗೆ ಹೊರಟುಹೋಗಿದ್ದಾಳೆ ಎಂದು ಯಾರೋ ಕೂಗಿ ಹೇಳಿದರು. ಡಾಕ್ಟರು ಕೊನೆಯ ಸೀಸೆಯನ್ನು ಪೆಟ್ಟಿಗೆಯಲ್ಲೇ ಇಟ್ಟು ಮುಚ್ಚಳಕ್ಕೆ ಕೈ ಹಾಕಿದರು.

ಲಕ್ಷ್ಮಿದೇವಮ್ಮ ಓಡಿದಳೆಂದೇ ಹೇಳಬೇಕು. ಜನ ಚದುರಲಿ ಎಂದು ಕಾಯುವಷ್ಟು ತಾಳ್ಮೆ ಉಳಿದಿರಲಿಲ್ಲ. “ಸ್ವಾಮಿ, ಅದನ್ನ ನಮ್ ಗೌರಮ್ಮಂಗೆ ಆಕಿ” ಎಂದಳು.

“ಅವರಿಗೆ ಬೇಡ ಅಂದಿದ್ನಲ್ಲಮ್ಮ.”

“ಆ ರಕ್ತ ಅವಳ್ದಲ್ಲ ಸ್ವಾಮಿ.”

“ಏನಂದ್ರಿ?”

“ಅವಳ್ದಲ್ಲ. ಬಾಗ್ಲ ಮರೇಲಿ ಕೈ ಕೊಟ್ಟೋಳು ನಮ್ ಮರಿಯಮ್ಮ. ನಾನೇ ನಿಲ್ಸಿದ್ದು. ಬಸ್ರಿ ಉಡುಗಿ ಅಂತ... ತಪ್ಪು ನಂದು, ಅವಳ್ದೇನಿಲ್ಲ. ಉಗೀರಿ ನನ್ ಮುಖಕ್ಕೆ, ಆದ್ರೆ ಸೂಜಿ ಆಕಿ.”

ದೊಡ್ಡಮುನಿಯಪ್ಪ ಹೆಂಡತಿಯನ್ನು ಮೊದಲ ಸಲ ನೋಡುವವನಂತೆ ನೋಡಿದ. ಅವನು ಬಾಯಿ ತೆರೆಯುವುದರೊಳಗೆ ಹಿಂದಿನಿಂದ ಸುಬ್ಬಮ್ಮ ಗೊಳೋ ಎಂದು ಅಳತೊಡಗಿದಳು.

“ನಮ್ಮನೇದೂ ಅವಳ್ದೇ ಕೈ ಸ್ವಾಮಿ! ನಮ್ ಸೊಸೆಗೆ ಸೂಜಿ ಕಂಡ್ರೆ ಆಗಲ್ಲ ಅಂತ...”

ಚಿಕ್ಕಬೈರಪ್ಪನ ಹೆಂಡತಿ ಅಲ್ಲೇ ಕುಕ್ಕರಿಸಿದಳು. ಶಾನುಭೋಗರ ಮನೆಯಾಕೆ ತಲೆ ತಗ್ಗಿಸಿಕೊಂಡು ಮುಂದೆ ಬಂದರು. ಇನ್ನೊಬ್ಬಳು, ಮತ್ತೊಬ್ಬಳು. ಪಟೇಲರ ಮನೆಯ ಪದ್ಧತಿ ತಮಗೂ ಇದೆಯೆಂದು ಹೇಳಿದ ದೊಡ್ಡ ಮನೆಗಳವರೆಲ್ಲ ಆ ಪದ್ಧತಿಯನ್ನು ಪೂರ್ತಿಯಾಗಿಯೇ ಕಲಿತಿದ್ದರು!

ಹುಣಸೆಮರದ ಕೆಳಗೆ ದೂರ ನಿಂತಿದ್ದ ಮರಿಯಮ್ಮನನ್ನು ಡಾಕ್ಟರು ಕರೆದರು. ಅವಳು ಹತ್ತು ಮಾರು ಈಚೆಗೆ ಬಂದು ನಿಂತಳು.

“ಎಷ್ಟು ಮನೆಯಲ್ಲಿ ಕೈ ಕೊಟ್ಟೆ, ತಾಯಿ?”

ಮರಿಯಮ್ಮ ಲಕ್ಷ್ಮಿದೇವಮ್ಮನ ಮುಖ ನೋಡಿದಳು. ಲಕ್ಷ್ಮಿದೇವಮ್ಮ ಹೇಳು ಎಂದು ತಲೆಯಾಡಿಸಿದಳು.

“ಒಂಬತ್ತು ಮನೇಲಿ ಸ್ವಾಮಿ. ನಾಕ್ ದಿನದಾಗೆ. ಒಬ್ರಿಗೊಬ್ರಿಗೆ ಏಳ್ಬಾರ್ದು ಅಂತ ಎಲ್ರೂ ಆಣೆ ಆಕ್ಸಿದ್ರು. ಅತ್ತನೇದು ನಂದೇ, ನನ್ ಎಸ್ರಿಂದು.”

“ಈ ಜ್ವರ ಹಿಂದೆ ಬಂದಿತ್ತಾ ನಿನಗೆ?”

“ಬಂದಿತ್ತು. ಬಿದಿರು ಕಡಿಯಾಕೆ ಕಂಟ್ರಾಕ್ಟ್ರು ಕಾಡಿಗೆ ಕರ್ಕೊಂಡ್ ಓಗಿದ್ರಲ್ಲ, ಅಲ್ಲಿ. ಕಣ್ಣು ಇಂಗೇ ಕೆಂಪಗಾಗಿತ್ತು. ನನ್ ಗಂಡ ಅಲ್ಲೇ ಓದ. ನಾನ್ ಬದುಕ್ಕೊಂಡೆ.”

“ಯಾಕೆ ಹೇಳಲಿಲ್ಲ?”

“ಯಾರೂ ಕೇಳ್ನಿಲ್ವಲ್ಲ ಸ್ವಾಮಿ” ಎಂದಳು ಮರಿಯಮ್ಮ.

ನೂರುಲ್ಲಾ ಪಟ್ಟಿಯನ್ನು ಕೈಗೆತ್ತಿಕೊಂಡರು. ಹತ್ತು ಹೆಸರು, ಹತ್ತು ಮನೆ, ಒಂದೇ ರಕ್ತ. ಎರಡು ದೇಶದವರು ಸೇರಿ ಎರಡೆರಡು ಸಲ ಪರೀಕ್ಷೆ ಮಾಡಿ ಅನುಮಾನವೇ ಇಲ್ಲ ಎಂದದ್ದು ಸರಿಯಾಗಿಯೇ ಇತ್ತು. ಪಾಪ, ರಕ್ತ ಸುಳ್ಳು ಹೇಳಿರಲಿಲ್ಲ. ಏನಾಯಿತು ಎಂದು ದೊರೆ ಕೇಳಿದ. ಡಾಕ್ಟರು ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಿದರು. ದೊರೆ ಪೆನ್ನಿನ ಮುಚ್ಚಳ ಹಾಕಿ ಕಟ್ಟೆಯ ಮೇಲೆ ಕೂತುಬಿಟ್ಟ.

“ಮುಖ ನೋಡಬೇಕಿತ್ತು ನಾನು” ಎಂದರು ಡಾಕ್ಟರು. “ಪದ್ಧತಿ ಅಂದ್ರು, ಸರಿ ಅಂದೆ. ಈಗ ಯಲಹಂಕದ ಸೀಸೆಗಳು ಬೆಳಿಗ್ಗೆಯೇ ಹೋಗಿ ಆಗಿದೆ. ಇಲ್ಲಿ ಇರೋದು ಒಂದೇ.”

ಒಂಬತ್ತು ಸೊಸೆಯಂದಿರು, ಒಂದು ಸೀಸೆ. ಯಾರೂ ಕೂಗಾಡಲಿಲ್ಲ. ಎಲ್ಲರೂ ಒಂದೊಂದು ಹೆಜ್ಜೆ ಮುಂದೆ ಬಂದರು, ಅಷ್ಟೇ. ಅದು ಕೂಗಾಟಕ್ಕಿಂತ ಭಯಂಕರವಾಗಿತ್ತು.

“ಇವರಲ್ಲಿ ಹಾಲೂಡಿಸೋ ತಾಯಿ ಗೌರಮ್ಮ ಒಬ್ಬರೇ. ಅವರಿಗೆ” ಎಂದು ಡಾಕ್ಟರು ತೀರ್ಮಾನ ಮಾಡಿ ಸೂಜಿ ತುಂಬಿದರು. ಲಕ್ಷ್ಮಿದೇವಮ್ಮನಿಗೆ ಕಣ್ಣಲ್ಲಿ ನೀರು ಬಂತು. ಮರ್ಯಾದೆ ಹೋಯಿತು, ಹೋಗಲಿ, ಮೂರು ಕಾಸಿನ ಮರ್ಯಾದೆ. ಹುಡುಗಿ ಉಳಿದಳಲ್ಲ. ಸೊಸೆಯ ರಟ್ಟೆ ಹಿಡಿದು ಮೇಜಿನ ಮುಂದಕ್ಕೆ ತಂದಳು.

ಡಾಕ್ಟರು ಆ ತೋಳನ್ನು ಹಿಡಿದವರು ಅಲ್ಲೇ ನಿಂತರು. ಹತ್ತಿ ಕೆಳಗಿಟ್ಟು ಹಣೆ ಮುಟ್ಟಿದರು. ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು.

“ಯಾವತ್ತಿನಿಂದ?”

“ಮಂಗಳ್ವಾರದಿಂದ” ಎಂದಳು ಗೌರಮ್ಮ. ದನಿಯೇ ಇರಲಿಲ್ಲ. “ಅತ್ತೆಮ್ಮ ಸೂಜಿ ಆಕಿಸ್ತೀನಿ ಅಂದಿದ್ರು. ಮೈ ಬಿಸಿ ಅಂದ್ರೆ ಆಕಲ್ವೇನೋ ಅಂತ ನಾನೇ ಏಳ್ನಿಲ್ಲ.”

ಲಕ್ಷ್ಮಿದೇವಮ್ಮನ ಕೈ ಇನ್ನೂ ಆ ರಟ್ಟೆಯ ಮೇಲೇ ಇತ್ತು. ಈಗ ಅವಳಿಗೂ ಬಿಸಿ ಗೊತ್ತಾಯಿತು. ಬಾಣಂತಿಯ ಮೈ ಬಿಸಿ ಎಂದು ಎರಡು ದಿನದಿಂದ ಅಂದುಕೊಂಡಿದ್ದು ಇದೇ ಬಿಸಿ.

“ಸೋಮ್ವಾರಾನೇ ನಾನ್ ಏಳಿದ್ದಿದ್ರೆ, ಸ್ವಾಮಿ?”

“ಇದು ಬರದವರಿಗೆ ಹಾಕೋದಮ್ಮ, ಬಂದವರಿಗಲ್ಲ” ಎಂದು ಡಾಕ್ಟರು ಸೂಜಿಯನ್ನು ತಟ್ಟೆಯ ಮೇಲಿಟ್ಟರು. “ಇವರನ್ನ ಬೇರೆ ಮನೆಯಲ್ಲಿ ಇಡಬೇಕು. ಮಗೂನ ಅಲ್ಲೇ ಇನ್ನೊಂದು ಕೋಣೆಯಲ್ಲಿಡಬೇಕು, ಇವರ ಹತ್ತಿರ ಬಿಡಬಾರದು, ಹಾಲೂ ಬೇಡ. ಎರಡು ದಿನ ಇವರ ಹಾಲು ಕುಡಿದ ಮಗು, ನೀವೂ ಎತ್ಕೋಬೇಡಿ, ನಿಮಗೆ ಕಾವಲಿಲ್ಲ. ಇವರಿಬ್ಬರನ್ನ ಮುಟ್ಟಿ ನೋಡಿಕೊಳ್ಳಬಹುದಾದವಳು ಈ ಊರಲ್ಲಿ ಒಬ್ಬಳೇ.”

ಎಲ್ಲರ ತಲೆಯೂ ಮರಿಯಮ್ಮನ ಕಡೆಗೆ ತಿರುಗಿತು.

ಮರಿಯಮ್ಮ ಕದಲಲಿಲ್ಲ. “ನಂಗೂ ಎರಡವೆ ಅಮ್ಮಾರೆ” ಎಂದಳು, ಡಾಕ್ಟರಿಗಲ್ಲ, ಲಕ್ಷ್ಮಿದೇವಮ್ಮನಿಗೆ. “ನಾನ್ ಇಲ್ಲಿದ್ರೆ ಅವನ್ನ ನೋಡೋರ್ ಯಾರು? ಇಲ್ಲಿಂದ ಈ ಬಟ್ಟೇಲಿ ಗುಡ್ಲಿಗೆ ಓಗಿ ಅವನ್ನ ಎಂಗೆ ಮುಟ್ಲಿ? ಕಾವಲು ನಂಗೈತೆ, ಅವಕ್ಕಿಲ್ಲ.” ಕೇರಿಯ ಕಡೆಗೆ ಕೈ ತೋರಿಸಿದಳು. “ನನ್ ಇರೇ ಮಗಳಿಗೆ ಅದಿನಾಲ್ಕು. ಕೇರಿ ಕೊಟ್ಟಿಗೆ ಅವಳೇ ನೋಡೋದು. ಆ ಸೂಜಿ ಅವಳಿಗಾಕಿ. ಚಿಕ್ಕದನ್ನ ಅವಳು ನೋಡ್ಕಂತಾಳೆ. ನಾನ್ ಬತ್ತೀನಿ.”

“ಕೇರಿ ಉಡುಗೀಗಾ?” ಎಂದಿತು ಒಂದು ಗಂಡು ದನಿ. “ಎಂಟ್ ಮನೆ ಸೊಸೇರು ನಿಂತವ್ರೆ ಇಲ್ಲಿ!”

“ಬಾಯ್ ಮುಚ್ಚೋ!” ಎಂದು ಲಕ್ಷ್ಮಿದೇವಮ್ಮ ಕಿರುಚಿದಳು. ಅಂಥ ದನಿ ತನ್ನೊಳಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. “ಅವಳ್ ಕೈ ಬೇಕಾದಾಗ ಎಂಟ್ ಮನೆಯೋರಿಗೂ ಬೇಕಿತ್ತಲ್ಲ? ಆಕಿ ಸ್ವಾಮಿ, ಅವಳ್ ಮಗಳಿಗೇ ಆಕಿ. ಯಾರ್ ತಡೀತಾರೆ ನಾನ್ ನೋಡ್ತೀನಿ.”

ಹುಡುಗಿಯನ್ನು ಕರೆಸಿದರು. ಸೂಜಿ ಹಾಕಿದ್ದಾಯಿತು. ಸೀಸೆ ಬರಿದಾಯಿತು. ಸುಬ್ಬಮ್ಮ ಸೊಸೆಯನ್ನು ಎಳೆದುಕೊಂಡು ಹಿಂದೆ ನೋಡದೆ ಮನೆಗೆ ಹೋದಳು. ಗೌರಮ್ಮನನ್ನು ಊರ ಕೊನೆಯ ಚಾವಡಿಗೆ ನಡೆಸಿಕೊಂಡು ಹೋಗಲು ಜೀಪಿನವರು ದಾರಿ ಬಿಡಿಸಿದರು. ಜನ ಸರಿದು ಕೊಟ್ಟ ದಾರಿ ಒಂದು ಮೆರವಣಿಗೆ ಹೋಗುವಷ್ಟು ಅಗಲವಾಗಿತ್ತು. ಗೌರಮ್ಮ ಎರಡು ಸಲ ತಿರುಗಿ ಮಗುವನ್ನು ನೋಡಿದಳು.

ಮರಿಯಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಹತ್ತಿರ ಬಂದಳು. “ಕೊಡಿ ಅಮ್ಮಾರೆ” ಎಂದು ಎರಡೂ ಕೈ ಚಾಚಿದಳು.

ಲಕ್ಷ್ಮಿದೇವಮ್ಮನಿಗೆ ಕೊಡಲು ಮನಸ್ಸು ಬರಲಿಲ್ಲ. ಕೇರಿಯವಳೆಂದಲ್ಲ, ಆ ಯೋಚನೆಯೆಲ್ಲ ಆ ಹೊತ್ತಿಗೆ ಸುಟ್ಟು ಹೋಗಿತ್ತು. ಕೊಟ್ಟರೆ ಮತ್ತೆ ಸಿಗುವುದಿಲ್ಲ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಆದರೂ ಕೊಟ್ಟಳು. ಮಗು ನಿದ್ದೆಯಲ್ಲಿತ್ತು, ಬೆಳಿಗ್ಗೆಯಿಂದ ಒಂದು ಸಲವೂ ಅತ್ತಿರಲಿಲ್ಲ.

ಮರಿಯಮ್ಮ ಅದನ್ನು ಎದೆಗೆ ಒರಗಿಸಿಕೊಂಡಳು. ಅವಳ ಅಂಗೈ ಮಗುವಿನ ಹಣೆಯ ಮೇಲೆ ಹೋಯಿತು. ತೆಗೆದಳು. ಮತ್ತೆ ಇಟ್ಟಳು, ಈ ಸಲ ಕೊರಳ ಕೆಳಗೆ. ಆಮೇಲೆ ಮಗುವಿನ ಮೇಲೆ ಸೆರಗು ಎಳೆದುಕೊಂಡು, ಲಕ್ಷ್ಮಿದೇವಮ್ಮನ ಮುಖ ನೋಡದೆ ಚಾವಡಿಯ ಕಡೆಗೆ ತಿರುಗಿದಳು.

“ಏನೇ? ಏನಾಯ್ತೇ ಮರಿಯಮ್ಮ?”

“ಏನಿಲ್ಲ ಅಮ್ಮಾರೆ” ಎಂದಳು ಮರಿಯಮ್ಮ. “ಮಗ ಚೆನ್ನಾಗೈತೆ.”

ಅದು ಸುಳ್ಳು ಎಂದು ಲಕ್ಷ್ಮಿದೇವಮ್ಮನಿಗೆ ಗೊತ್ತಾಯಿತು.